ಸಂಗೀತರತ್ನ ತಿರುಮಕೂಡಲು ಚೌಡಯ್ಯನವರು



ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಮ್ಮ ಪುಸ್ತಕಭಂಡಾರದಲ್ಲಿರುವ ದೂರದೇಶದ ಮಹಾಪುರುಷರ ಹೆಸರುಗಳೇ ಮೊದಲು ನನ್ನ ಮನಸ್ಸಿಗೆ ಬಂದುವು. ಆದರೆ ಅದೇ ವಾರದಲ್ಲಿ ಹಳ್ಳಿಯಿಂದ ಬಂದ ತಂದೆಯೊಬ್ಬರು ನನ್ನ ಕೊಠಡಿಯಲ್ಲಿ ಕುಳಿತು, ತಮ್ಮ ಮಗಳನ್ನು ಸಂಗೀತದ ತರಗತಿಯಿಂದ ಬಿಡಿಸಿ ಆ ಗಂಟೆಯಲ್ಲಿಯೂ ಗಣಿತವನ್ನೇ ಹೇಳಿಕೊಡಬೇಕೆಂದು ವಿನಯದಿಂದ ಬೇಡಿದರು. ಹುಡುಗಿಯು ಗಣಿತದಲ್ಲಿ ಬಹಳ ಹಿಂದುಳಿದಿದ್ದಳು. ಒಕ್ಕಲು ಮನೆಯ ಮಕ್ಕಳು ಪಿಟೀಲು ಹಿಡಿದು ಆಗಬೇಕಾದುದೇನು ಎಂಬುದು ಅವರ ಪ್ರಶ್ನೆಯಾಗಿದ್ದಿತು. ಆ ಹೊತ್ತಿಗೆ ಅವರಿಗೆ ತಕ್ಕ ಉತ್ತರವನ್ನು ಕೊಡಲಾರದೆ ಹೋದೆನು. ಅವರು ಹೊರಟುಹೋದ ಮೇಲೆ, ನಮ್ಮ ಮಳವಳ್ಳಿಯ ನೆರೆಯ ತಾಲ್ಲೂಕಿನಲ್ಲಿ ಗೌಡರ ಮನೆಯೊಂದರಲ್ಲಿ ಹುಟ್ಟಿ, ಪಿಟೀಲನ್ನು ಹಿಡಿದೇ ದಕ್ಷಿಣದೇಶದಲ್ಲೆಲ್ಲ ಕೀರ್ತಿಯನ್ನು ಪಡೆದ ಒಬ್ಬರ ನೆನಪಾಯಿತು. ಅವರೇ ತಿರುಮಕೂಡಲು ಚೌಡಯ್ಯನವರು. ಅವರ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುವೆನು.

ಜನನ

ಕಾವೇರಿಯು ಶ್ರೀರಂಗಪಟ್ಟಣವನ್ನು ಬಳಸಿ ಹರಿದು, ತಿರುಮಕೂಡಲಿನಲ್ಲಿ ಕಪಿಲಾ ನದಿಯನ್ನು ತನ್ನೊಳಗೆ ಸೇರಿಸಿಕೊಂಡು, ತಲಕಾಡಿನ ಮರಳುದಿಬ್ಬಗಳ ಪಕ್ಕದಲ್ಲಿ ಸಾಗಿ, ಆಮೇಲೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಎರಡು ಕವಲಾಗಿ ಧುಮುಕುವುದನ್ನು ನೀವೆಲ್ಲರೂ ಬಲ್ಲಿರಿ. ಆ ಸಂಗಮದ ದಡದಲ್ಲಿ ಅಗಸ್ತ್ಯೇಶ್ವರನ ಪುರಾತನ ದೇವಾಲಯವಿರುವುದು. ಎದುರುದಡದ ನರಸೀಪುರದ ಹೆಸರೂ ಈ ಊರಿನ ಹೆಸರೂ ಕೂಡಿ ತಿರುಮಕೂಡಲು ನರಸೀಪುರವೆಂದು ತಾಲ್ಲೂಕಿಗೆ ಹೆಸರಾಗಿದೆ. ಇಂಥ ತಿರುಮಕೂಡಲಿನಲ್ಲಿ 1895ನೆಯ ಇಸವಿಯಲ್ಲಿ ಅಗಸ್ತ್ಯೇಗೌಡರು ಮತ್ತು ಸುಂದರಮ್ಮನವರೆಂಬ ದಂಪತಿಗಳಿಗೆ ಚೌಡಯ್ಯನವರು ಜನಿಸಿದರು.

ಆ ಕಾಲವು ಎಂತಹುದೆಂಬುದನ್ನು ನಮ್ಮ ಈಗಿನ ಮಕ್ಕಳು ಊಹಿಸುವುದೂ ಕಷ್ಟ. ಕನ್ನಂಬಾಡಿಯಲ್ಲಿ ಕಟ್ಟೆಯಿರಲಿಲ್ಲ, ಆದಕಾರಣ ಮಂಡ್ಯದ ಬಯಲಿಗೆ ನಾಲೆಯ ನೀರೂ ಇರಲಿಲ್ಲ, ಕಬ್ಬಿನ ಗದ್ದೆಗಳೂ ಈಗಿನಂತೆ ಇರಲಿಲ್ಲ. ಶಿವನಸಮುದ್ರದ ನೀರಿನಿಂದ ವಿದ್ಯುಚ್ಛಕ್ತಿಯನ್ನು ತೆಗೆದು ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದುದು 1902ರಲ್ಲಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಇನ್ನೂ ಬಾಲಕರಾಗಿದ್ದಾಗಲೇ ಸಿಂಹಾಸನವನ್ನೇರಿದುದು ಅದೇ 1895ರಲ್ಲಿ. ಸಂಗೀತವನ್ನು ಸ್ವತಃ ಕಲಿತು, ನಮ್ಮ ದೇಶದ ವಾದ್ಯಗಳನ್ನೂ ಪಾಶ್ಚಾತ್ಯ ವಾದ್ಯಗಳನ್ನೂ ನುಡಿಸಬಲ್ಲವರಾಗಿದ್ದ ಆ ಪ್ರಭುಗಳ ಕಾಲದಲ್ಲಿ ಮೈಸೂರು ವಿದ್ವಾಂಸರ ನೆಲೆಯಾಯಿತು. ತಿರುಮಕೂಡಲಿನ ಹುಡುಗನು ಆ ನಗರಕ್ಕೆ ಹೋಗಿ ಸೇರಿದುದು ಅವನ ಭಾಗ್ಯವೆಂದೇ ಹೇಳಬೇಕು.

ಗುರುಕುಲವಾಸ

1910ರಲ್ಲಿ, ಸುಮಾರು ಹದಿನೈದು ವರ್ಷದ ವಯಸ್ಸಿನಲ್ಲಿ, ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯರಾಗಿ ಸೇರಿದರು. ಕೃಷ್ಣಪ್ಪನವರು 1866ರಲ್ಲಿ ದಕ್ಷಿಣ ಕನ್ನಡ ಸೀಮೆಯ ಬಡಕುಟುಂಬವೊಂದರಲ್ಲಿ ಹುಟ್ಟಿ, ತಮ್ಮ ಕಂಠಶ್ರೀಯಿಂದಲೂ ಸಾಧನೆಯಿಂದಲೂ ಮೈಸೂರಿನ ಆಸ್ಥಾನ ವಿದ್ವಾಂಸರ ಪದವಿಗೆ ಏರಿದವರು. ಆಗಿನ ಕಚೇರಿಗಳಲ್ಲಿ ತೆಲುಗು ಸಂಸ್ಕೃತ ಕೃತಿಗಳೇ ಪ್ರಧಾನವಾಗಿದ್ದಾಗ, ಹರಿದಾಸರ ಕನ್ನಡ ದೇವರನಾಮಗಳಿಗೂ ವಿದ್ವತ್ಸಭೆಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟ ಕೀರ್ತಿಯು ಅವರದು. ಶಿಷ್ಯರ ವಿಷಯದಲ್ಲಿ ಅವರು ಅತಿ ಕಟ್ಟುನಿಟ್ಟಿನವರಾಗಿದ್ದರು. ಶ್ರುತಿಯು ಕೂದಲೆಳೆಯಷ್ಟು ತಪ್ಪಿದರೂ ಸಹಿಸುವವರಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಗುರುಗಳು ಹೆಸರಾಂತ ಗಾಯಕರು. ಶಿಷ್ಯರು ಹಿಡಿದುದು ಪಿಟೀಲು. ಹಾಡುವವರಿಂದ ವಾದ್ಯವನ್ನು ಕಲಿಯುವುದೆಂದರೆ, ಸಾಹಿತ್ಯದ ಪದವು ಎಲ್ಲಿ ಒಡೆಯಬಾರದು, ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು, ರಾಗದ ಭಾವವು ಯಾವ ಸ್ವರದ ಮೇಲೆ ನಿಲ್ಲುವುದು ಎಂಬುದನ್ನೆಲ್ಲ ಕಿವಿಯಿಂದಲೇ ಕಲಿಯುವುದು. ಆಗ ಕಮಾನು ಉಸಿರಿನ ಕೆಲಸವನ್ನು ಮಾಡುವುದು. ಪಿಟೀಲಿನಲ್ಲಿ ವೀಣೆಯಂತೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಬೀಳಬೇಕೆಂಬುದನ್ನು ತೋರಿಸುವ ಗುರುತು ಯಾವುದೂ ಇಲ್ಲ. ಕಿವಿಯೊಂದೇ ಅದಕ್ಕೆ ದಾರಿ. ಹೀಗೆ 1910ರಿಂದ 1918ರವರೆಗೆ ಎಂಟು ವರ್ಷಗಳ ಕಾಲ ಚೌಡಯ್ಯನವರು ಗುರುಗಳ ಬಳಿ ಶಿಕ್ಷಣವನ್ನು ಪಡೆದರು. ನಮ್ಮ ಶಾಲೆಗೆ ಸೇರಿದ ಹುಡುಗಿಯು ಮೂರು ವರ್ಷಗಳಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೊರಡುವಳು. ಅವರು ಒಂದು ವಾದ್ಯಕ್ಕಾಗಿ ಎಂಟು ವರ್ಷಗಳನ್ನು ಸವೆಸಿದರೆಂಬುದನ್ನು ಮಕ್ಕಳಿಗೆ ಹೇಳಿದಾಗಲೆಲ್ಲ ಅವರು ಬೆರಗಾಗುವರು.

ಪಿಟೀಲಿನ ಪೂರ್ವಕಥೆ

ಚೌಡಯ್ಯನವರು ಮುಂದೆ ಮಾಡಿದ ಕಾರ್ಯವನ್ನು ತಿಳಿಯಬೇಕಾದರೆ, ಅವರ ಕೈಗೆ ಬಂದ ವಾದ್ಯದ ಕಥೆಯನ್ನು ಸ್ವಲ್ಪ ತಿಳಿದಿರಬೇಕು. ಪಿಟೀಲು ಈಗಿನ ರೂಪವನ್ನು ತಾಳಿದುದು ಹದಿನಾರನೆಯ ಶತಮಾನದಲ್ಲಿ, ಇಟಲಿ ದೇಶದ ಉತ್ತರಭಾಗದಲ್ಲಿ. ಬಹುಕಾಲದವರೆಗೆ ಅದನ್ನು ಅರಮನೆಗಳ ಕೊಠಡಿಗಳಲ್ಲಿಯೂ ದೇವಾಲಯಗಳಲ್ಲಿಯೂ ನುಡಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನವು ಸಮೀಪಿಸಿದಂತೆ ಸಂಗೀತವು ಪ್ರಭುಗಳ ಕೊಠಡಿಯಿಂದ ಹೊರಟು, ಹಣಕೊಟ್ಟು ಬಂದ ಸಾಮಾನ್ಯ ಜನರು ನೂರಾರು ಮಂದಿ ಕುಳಿತುಕೊಳ್ಳುವ ದೊಡ್ಡ ಸಭಾಗೃಹಗಳಿಗೆ ಬಂದಿತು. ಆಗ ಹಳೆಯ ಪಿಟೀಲಿನ ಮೃದುಧ್ವನಿಯು ದೂರದವರಿಗೆ ಮುಟ್ಟದೆಹೋಯಿತು. ಅದಕ್ಕಾಗಿ ಕುಶಲಿಗಳು ಹಳೆಯ ವಾದ್ಯಗಳನ್ನು ಬಿಚ್ಚಿ, ಕತ್ತನ್ನು ಉದ್ದಮಾಡಿ ಹಿಂದಕ್ಕೆ ಬಾಗಿಸಿ, ತಂತಿಗಳನ್ನು ಇನ್ನೂ ಬಿಗಿಯಾಗಿ ಎಳೆದು ಕಟ್ಟಿದರು. ಫ್ರಾನ್ಸಿನ ತೂರ್ತ್ ಎಂಬ ಕುಶಲಿಯು ಹೊಸ ಮಾದರಿಯ ಕಮಾನನ್ನು ಮಾಡಿದನು. ಬೆಥೋವನ್, ಮೆಂಡೆಲ್‌ಸನ್, ಬ್ರಾಮ್ಸ್ ಮುಂತಾದವರು ಪಿಟೀಲಿಗಾಗಿ ರಚಿಸಿದ ಮಹಾಕೃತಿಗಳು ಈ ಬಲವಾದ ಧ್ವನಿಯನ್ನು ನಂಬಿಯೇ ಹುಟ್ಟಿದುವು. ಮೆಂಡೆಲ್‌ಸನ್ನರ ಹೆಸರು ನಮ್ಮ ಹುಡುಗಿಯರಿಗೆ ಹೊಸದಾಗಿ ತೋರಬಹುದು. ಆದರೆ ಕ್ರಿಸ್ಮಸ್ ಹಬ್ಬದಲ್ಲಿ ಅವರು ಹಾಡುವ ದೇವದೂತರ ಗೀತೆಯ ಧಾಟಿಯು, ಆ ಮಹನೀಯರು 1840ರಲ್ಲಿ ಮುದ್ರಣಕಲೆಯ ಉತ್ಸವಕ್ಕೆಂದು ರಚಿಸಿದ ಗೀತದಿಂದ ತೆಗೆದುಕೊಂಡುದೇ ಆಗಿದೆ.

ಆ ಯುಗದ ವಾದಕರಲ್ಲಿ ಅಗ್ರಗಣ್ಯರು ಇಟಲಿಯ ಜಿನೋವಾ ನಗರದಲ್ಲಿ 1782ರಲ್ಲಿ ಹುಟ್ಟಿದ ನಿಕೊಲೊ ಪಗನಿನಿಯವರು. ಅವರ ಪಿಟೀಲಿಗೆ ಅದರ ಘನವಾದ ಧ್ವನಿಗಾಗಿ ತೋಪು ಎಂಬ ಅರ್ಥದ ಹೆಸರು ಬಂದಿದ್ದಿತು. ಅದನ್ನು ಅವರು ತಮ್ಮ ಹುಟ್ಟೂರಿಗೆ ಬಿಟ್ಟುಹೋದರು. ಉಳಿದ ತಂತಿಗಳನ್ನು ಮುಟ್ಟದೆ ಒಂದೇ ತಂತಿಯ ಮೇಲೆ ಇಡೀ ಕೃತಿಯನ್ನು ನುಡಿಸಿ ಅವರು ಸಭೆಯನ್ನು ದಂಗುಬಡಿಸುತ್ತಿದ್ದರು. ಮನುಷ್ಯಮಾತ್ರದವನಿಗೆ ಇದು ಸಾಧ್ಯವಲ್ಲವೆಂದೂ, ಸೈತಾನನ ಸಹಾಯವಿದೆಯೆಂದೂ ಅಜ್ಞಾನಿಗಳು ಸುದ್ದಿ ಹಬ್ಬಿಸಿದರು. 1840ರಲ್ಲಿ ಅವರು ತೀರಿಕೊಂಡಾಗ ಕ್ರೈಸ್ತ ವಿಧಿಯ ಸಮಾಧಿಯೂ ಅವರಿಗೆ ಕೂಡಲೇ ದೊರೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಪಾರ್ಮಾ ನಗರದಲ್ಲಿ ಅವರ ದೇಹಕ್ಕೆ ನೆಲೆಯಾಯಿತು. ಅದೇ ಪಗನಿನಿಯವರು ಕಷ್ಟದಲ್ಲಿದ್ದ ಬೆರ್ಲಿಯೋಸ್ ಎಂಬ ಸಂಗೀತ ರಚನಕಾರರಿಗೆ 1838ರಲ್ಲಿ ಇಪ್ಪತ್ತುಸಾವಿರ ಫ್ರಾಂಕುಗಳನ್ನು ಕೊಟ್ಟರೆಂಬುದನ್ನು ಸುದ್ದಿ ಹಬ್ಬಿಸಿದವರು ನೆನೆಯಲಿಲ್ಲ.

ಪಗನಿನಿಯವರು ಯೂರೋಪಿನಲ್ಲಿ ಕೀರ್ತಿಶಾಲಿಗಳಾಗುತ್ತಿದ್ದ ಕಾಲದಲ್ಲಿಯೇ ಪಿಟೀಲು ನಮ್ಮ ದಕ್ಷಿಣದೇಶದ ಸಂಗೀತಕ್ಕೆ ಬಂದು ಸೇರಿತು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರೊಬ್ಬರಿಂದ ಅದನ್ನು ಕಲಿತರು. ತಂಜಾವೂರಿನ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲೊಂದನ್ನು ಬಹುಮಾನವಾಗಿ ಕೊಟ್ಟರು. ನಮ್ಮವರು ಆ ಪರದೇಶದ ವಾದ್ಯವನ್ನು ನೆಲದ ಮೇಲೆ ಕೂರಿಸಿದರು. ವಾದಕನು ಪದ್ಮಾಸನದಂತೆ ಕುಳಿತು ಅದರ ತುದಿಯನ್ನು ಬಲಗಾಲಿನ ಹರಡಿನ ಮೇಲೆ ಊರಿದನು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿದನು. ಮೆಟ್ಟಿಲುಗಳಿಲ್ಲದ ವಾದ್ಯವಾದುದರಿಂದ ಗಮಕಗಳೆಲ್ಲ ಅದರಲ್ಲಿ ಸಲೀಸಾಗಿ ನುಡಿದುವು. ನೂರು ವರ್ಷಗಳೊಳಗೆ ಪಿಟೀಲಿಲ್ಲದ ಗಾಯನ ಕಚೇರಿಯೇ ಇಲ್ಲವೆಂಬಂತಾಯಿತು.

ಕಡೆಯ ಸಾಲಿನ ಶ್ರೋತೃಗಳು

ಯೂರೋಪಿನವರು ಎದುರಿಸಿದ ತೊಂದರೆಯೇ ಒಂದು ಶತಮಾನದ ತರುವಾಯ ನಮ್ಮಲ್ಲಿಯೂ ತಲೆದೋರಿತು. ಅರಮನೆಯ ತೊಟ್ಟಿಯಲ್ಲಿಯೂ ಶ್ರೀಮಂತರ ಮದುವೆಯ ಚಪ್ಪರದಲ್ಲಿಯೂ ನಡೆಯುತ್ತಿದ್ದ ಕಚೇರಿಗಳು ಸಂಗೀತಸಭೆಗಳಿಗೂ ರಾಮೋತ್ಸವದ ಪೆಂಡಾಲುಗಳಿಗೂ ಬಂದುವು. ಜನರು ಸಾವಿರಗಟ್ಟಲೆಯಾಗಿ ನೆರೆಯತೊಡಗಿದರು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿಯೇ ಬೆಂಗಳೂರಿಗೆ ಬೆಳಕನ್ನು ಕೊಟ್ಟಿದ್ದರೂ, ಧ್ವನಿಯನ್ನು ಹೆಚ್ಚಿಸುವ ಯಂತ್ರಗಳು ನಮ್ಮ ಕಚೇರಿಗಳಿಗೆ ಇನ್ನೂ ಬಂದಿರಲಿಲ್ಲ. ಗಾಯಕರು ಗಂಟಲೆತ್ತಿ ಹಾಡಬಲ್ಲವರಾಗಿದ್ದರು. ಮೃದಂಗವು ದೂರಕ್ಕೆ ಕೇಳುತ್ತಿದ್ದಿತು. ಪಿಟೀಲಿನ ನಾಲ್ಕು ತಂತಿಗಳ ದನಿಯು ಮಾತ್ರ ಮುಂದಿನ ಕೆಲವು ಸಾಲುಗಳಲ್ಲಿಯೇ ಸೋತು ನಿಲ್ಲುತ್ತಿದ್ದಿತು.

1927ರ ಹೊತ್ತಿಗೆ ಚೌಡಯ್ಯನವರು ಪಕ್ಕವಾದ್ಯದಲ್ಲಿ ಹೆಸರುವಾಸಿಯಾಗಿದ್ದರು. ಮುಂದಿನ ಸಾಲಿನಲ್ಲಿ ಕುಳಿತ ವಿದ್ವಾಂಸರೂ ಅಧಿಕಾರಿಗಳೂ ಅವರನ್ನು ಮೆಚ್ಚುತ್ತಿದ್ದರು. ಅಷ್ಟಕ್ಕೆ ತೃಪ್ತರಾಗುವುದು ಸುಲಭವಾಗಿದ್ದಿತು. ಏಕೆಂದರೆ ಹಿಂದಿನ ಸಾಲಿನಲ್ಲಿ ಕೇಳದೆ ಕುಳಿತವರು ಎದ್ದುಬಂದು ದೂರುವವರಲ್ಲ. ಆದರೆ ಚೌಡಯ್ಯನವರ ಮನಸ್ಸು ಆ ಕಡೆಯ ಸಾಲಿನ ಕಡೆಗೇ ಎಳೆಯುತ್ತಿದ್ದಿತು. ದೂರದಿಂದ ನಡೆದು ಬಂದು ಚಪ್ಪರದ ಅಂಚಿನಲ್ಲಿ ಕುಳಿತವನಿಗೆ ಕಮಾನು ಆಡುವುದು ಕಾಣುವುದೇ ಹೊರತು ನಾದವು ಮುಟ್ಟುವುದಿಲ್ಲವೆಂಬ ಚಿಂತೆಯು ಅವರನ್ನು ಬಿಡಲಿಲ್ಲ. ಆ ಚಿಂತೆಯಿಂದಲೇ ಏಳು ತಂತಿಯ ಪಿಟೀಲು ಹುಟ್ಟಿತು.

ಇದ್ದ ನಾಲ್ಕು ತಂತಿಗಳ ಸಂಗಡ ಇನ್ನೂ ಮೂರು ತಂತಿಗಳನ್ನು ಜೊತೆಯಾಗಿ ಕಟ್ಟಿ, ಒಂದೇ ಬೆರಳಿನ ಕೆಳಗೆ, ಒಂದೇ ಕಮಾನಿನ ಎಳೆತಕ್ಕೆ ಜೋಡಿ ತಂತಿಗಳು ನುಡಿಯುವಂತೆ ಅವರು ವಾದ್ಯವನ್ನು ಅಣಿಮಾಡಿದರು. ಹೇಳುವುದಕ್ಕೆ ಇದು ಸುಲಭ, ಮಾಡುವುದು ಹಾಗಲ್ಲ. ಏಳು ತಂತಿಗಳ ಬಿಗಿತವನ್ನು ತಡೆಯುವ ಶಕ್ತಿಯು ಪಿಟೀಲಿನ ತೆಳುವಾದ ಹಲಗೆಗೆ ಬೇಕು. ಜೋಡಿ ತಂತಿಗಳ ಶ್ರುತಿಯು ಎಳ್ಳಷ್ಟೂ ಬೇರೆಯಾಗಕೂಡದು; ಬೇರೆಯಾದರೆ ಒಂದರ ತಪ್ಪನ್ನು ಇನ್ನೊಂದು ಸಾರಿ ಹೇಳುವುದು. ಎರಡು ತಂತಿಗಳನ್ನು ಒಟ್ಟಿಗೆ ಅದುಮಿ ಗಮಕವನ್ನು ಎಳೆಯುವಾಗ ಬೆರಳಿಗೆ ಆಗುವ ಶ್ರಮವೂ ಹೆಚ್ಚು. ಕೈಸಾಧನೆ ಮಾಡಿದ್ದ ವಾದ್ಯವನ್ನು ಬಿಟ್ಟು, ಮೂವತ್ತು ವರ್ಷ ಕಳೆದ ಮೇಲೆ ಅವರು ಮತ್ತೆ ವಿದ್ಯಾರ್ಥಿಯಂತೆ ಸಾಧನೆಗೆ ಕುಳಿತರು.

ಅವರಿಗಿದ್ದ ದೊಡ್ಡ ಅಂಜಿಕೆಯು ಗುರುಗಳದು. ಸಂಪ್ರದಾಯದಲ್ಲಿ ಅಷ್ಟು ನಿಷ್ಠೆಯುಳ್ಳ ಕೃಷ್ಣಪ್ಪನವರು ಈ ಮಾರ್ಪಾಟನ್ನು ಒಪ್ಪುವರೋ ಇಲ್ಲವೋ ಎಂಬ ಸಂಶಯದಿಂದ ಮೊದಲು ಅದನ್ನು ಅವರಿಗೆ ತಿಳಿಸದೆಯೇ ಅಭ್ಯಾಸಮಾಡಿದರೆಂದು ಹೇಳುವರು. ಕಡೆಗೆ ಒಂದು ದಿನ ಗುರುಗಳ ಕಿವಿಗೆ ಆ ಘನವಾದ ನಾದವು ಬಿದ್ದಿತು, ಕಾರಣವನ್ನು ಕೇಳಿದರು, ಶಿಷ್ಯರು ನಡುಗುತ್ತ ವಾದ್ಯವನ್ನು ತೋರಿಸಿದರು. ಗುರುಗಳು ಪರೀಕ್ಷಿಸಿ, ಸಂತೋಷಪಟ್ಟು, ಆಶೀರ್ವದಿಸಿದರೆಂಬುದು ಸಂಗೀತಗಾರರಲ್ಲಿ ನಡೆದುಬಂದಿರುವ ಮಾತು. ಕೃಷ್ಣಪ್ಪನವರು 1931ರಲ್ಲಿ ದೈವಾಧೀನರಾದರು.

ಪಗನಿನಿಯವರು ಒಂದು ತಂತಿಯಲ್ಲಿ ಸಾಧಿಸಿದುದು ಮಹತ್ತರವೇ ಸರಿ. ಅದನ್ನು ಕಂಡವರು ವಾದಕನ ಕೈಚಳಕಕ್ಕೆ ಬೆರಗಾದರು. ಚೌಡಯ್ಯನವರು ಮೂರು ತಂತಿಗಳನ್ನು ಹೆಚ್ಚಿಸಿದುದಾದರೋ ಬೆರಗುಗೊಳಿಸುವುದಕ್ಕಲ್ಲ, ಕೇಳಿಸುವುದಕ್ಕೆ. ಇಬ್ಬರ ಹಿರಿಮೆಯನ್ನೂ ಒಪ್ಪಿಕೊಂಡು, ಉಪಾಧ್ಯಾಯಿನಿಯಾದ ನಾನು ಎರಡನೆಯದಕ್ಕೇ ಹೆಚ್ಚಾಗಿ ಋಣಿಯಾಗಿರುವೆನು.

ಪಕ್ಕವಾದ್ಯದ ಧರ್ಮ

ಚೌಡಯ್ಯನವರು ತನಿಯಾಗಿ ನುಡಿಸಿದ ಕಚೇರಿಗಳೂ ಉಂಟು. ಆದರೆ ಅವರ ಆಯುಷ್ಯದ ಹೆಚ್ಚಿನ ಭಾಗವು ಇತರರ ಪಕ್ಕದಲ್ಲಿ ಕುಳಿತೇ ಕಳೆಯಿತು. ಪಕ್ಕವಾದ್ಯದವರ ಕೆಲಸವು ಎಷ್ಟು ಕಠಿಣವೆಂಬುದು ಹೊರಗಿನವರಿಗೆ ತಿಳಿಯದು. ಗಾಯಕರು ಯಾವ ರಾಗವನ್ನು ಎತ್ತಿಕೊಳ್ಳುವರೋ ಮುಂಚಿತವಾಗಿ ಹೇಳುವುದಿಲ್ಲ. ಅವರು ಹಾಡುತ್ತಿರುವಾಗ ನೆರಳಿನಂತೆ ಹಿಂಬಾಲಿಸಬೇಕು. ಅವರು ಬಿಟ್ಟ ಕ್ಷಣದಲ್ಲಿ ಅದೇ ಭಾವವನ್ನು ಎತ್ತಿ ಬೆಳೆಸಬೇಕು. ತಮ್ಮ ಸರದಿಯಲ್ಲಿ ಬುದ್ಧಿಯನ್ನೆಲ್ಲ ತೋರಿಸಿದರೂ ಗಾಯಕರನ್ನು ಮೀರಿಸಿ ನಿಂತಂತಾಗಕೂಡದು. ಗಾಯಕರ ದನಿಯು ಬಳಲಿದಾಗ ಸಭೆಗೆ ಅದು ತಿಳಿಯದಂತೆ ತುಂಬಿಕೊಡುವುದೂ ಅವರ ಪಾಲಿನ ಕರ್ತವ್ಯವೇ. ಇಷ್ಟೆಲ್ಲ ಮಾಡಿದ ಮೇಲೆ ಕರಪತ್ರದಲ್ಲಿ ಅವರ ಹೆಸರು ಗಾಯಕರ ಹೆಸರಿನ ಕೆಳಗೆ ಅಚ್ಚಾಗುವುದು.

ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ಯರು, ಚೆಂಬೈ ವೈದ್ಯನಾಥ ಭಾಗವತರು, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್‌ರವರು, ಜಿ. ಎನ್. ಬಾಲಸುಬ್ರಹ್ಮಣ್ಯಂರವರು ಮೊದಲಾದ ಮಹಾಗಾಯಕರಿಗೆಲ್ಲ ಅವರು ಪಕ್ಕವಾದ್ಯವನ್ನು ನುಡಿಸಿದರು. ಒಬ್ಬೊಬ್ಬರ ಗಾಯನದ ರೀತಿಯೂ ಒಂದೊಂದು. ಎಲ್ಲರಿಗೂ ಹೊಂದಿಕೊಂಡು ತಮ್ಮ ವೈಶಿಷ್ಟ್ಯವನ್ನೂ ಕಳೆದುಕೊಳ್ಳದಿದ್ದುದು ಅವರ ಹೆಚ್ಚಳ. ಅವರಲ್ಲಿ ಚೆಂಬೈಯವರಿಗೂ ಚೌಡಯ್ಯನವರಿಗೂ ಇದ್ದ ಸ್ನೇಹವು ಪ್ರಸಿದ್ಧವಾದುದು. ಚೆಂಬೈಯವರ ಕಂಚಿನ ಕಂಠಕ್ಕೆ ಏಳು ತಂತಿಗಳ ತುಂಬುನಾದವು ತಕ್ಕ ಜೊತೆಯಾಗಿದ್ದಿತು. ದ್ವಾರಂ ವೆಂಕಟಸ್ವಾಮಿ ನಾಯುಡುರವರು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರು, ನಮ್ಮ ಚೌಡಯ್ಯನವರು, ಈ ಮೂವರನ್ನೂ ಆ ಕಾಲದ ಪಿಟೀಲಿನ ತ್ರಿಮೂರ್ತಿಗಳೆಂದು ರಸಿಕರು ಎಣಿಸುತ್ತಿದ್ದರು.

ಮಾನ ಮನ್ನಣೆಗಳು

ನಮ್ಮ ಮಂಡ್ಯವು 1939ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಅದೇ 1939ರಲ್ಲಿ ಚೌಡಯ್ಯನವರು ಮೈಸೂರಿನ ಆಸ್ಥಾನ ವಿದ್ವಾಂಸರಾಗಿ ನೇಮಕಗೊಂಡರು. ಅರಮನೆಯಿಂದ ಸಂಗೀತರತ್ನವೆಂಬ ಬಿರುದೂ ಅವರಿಗೆ ದೊರಕಿತು. ಮದರಾಸಿನ ಸಂಗೀತ ಅಕಾಡೆಮಿಯವರು 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಪದವಿಯನ್ನಿತ್ತು ಗೌರವಿಸಿದರು. ಅದೇ ವರ್ಷ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅವರಿಗೆ ಸಂದಿತು. ಗಾಯಕರ ಪಕ್ಕದಲ್ಲಿ ಕುಳಿತವರಿಗೆ ಇಂತಹ ಅಗ್ರಪೂಜೆ ಸಲ್ಲುವುದು ಅಪರೂಪ.

ಅವರ ಆಸಕ್ತಿಯು ಕಚೇರಿಯ ವೇದಿಕೆಯಲ್ಲಿಯೇ ನಿಲ್ಲಲಿಲ್ಲ. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿ ವಿದ್ಯಾದಾನಕ್ಕೆ ದಾರಿಮಾಡಿದರು. 1943ರಲ್ಲಿ ವಾಣಿ ಎಂಬ ಕನ್ನಡ ಚಲನಚಿತ್ರವನ್ನು ನಿರ್ಮಿಸಿ, ಗೆಳೆಯರಾದ ಚೆಂಬೈಯವರ ಗಾಯನವನ್ನು ಅದರಲ್ಲಿ ಸೇರಿಸಿದರು. ಕಚೇರಿಗೆ ಬರಲಾರದ ಜನರಿಗೂ ಶಾಸ್ತ್ರೀಯ ಸಂಗೀತವು ಮುಟ್ಟುವ ಇನ್ನೊಂದು ದಾರಿಯು ಹೀಗೆ ತೆರೆಯಿತು. ಸ್ವತಃ ವಾಗ್ಗೇಯಕಾರರಾಗಿ ಹಲವು ಕೃತಿಗಳನ್ನು ರಚಿಸಿದರು. ಆ ಕೃತಿಗಳ ಅಂಕಿತವು ತ್ರಿಮಕುಟವೆಂಬುದು. ಮದರಾಸು, ಮೈಸೂರುಗಳ ಮನ್ನಣೆಯೆಲ್ಲ ಬಂದ ಮೇಲೆಯೂ ತಮ್ಮ ಕೃತಿಗೆ ಅವರು ಒತ್ತಿದ ಮುದ್ರೆಯು ಹುಟ್ಟಿದ ಹಳ್ಳಿಯದು. ಶಿಷ್ಯರಲ್ಲಿ ವಿ. ಸೇತುರಾಮಯ್ಯನವರು, ಕಂಡದೇವಿ ಅಳಗಿರಿಸ್ವಾಮಿಯವರು ಮುಂತಾದವರು ಗುರುಗಳ ಹೆಸರನ್ನು ಬೆಳಗಿಸಿದರು.

1967ನೆಯ ಇಸವಿ ಜನವರಿ 19ರಂದು ಚೌಡಯ್ಯನವರು ಇಹಲೋಕವನ್ನು ಬಿಟ್ಟರು.

ಅವರ ತರುವಾಯ

ಸತ್ಯವನ್ನು ಮರೆಮಾಚದೆ ಹೇಳಬೇಕಾದರೆ, ಏಳು ತಂತಿಯ ಪಿಟೀಲು ಅವರ ಹಿಂದೆ ಬಹುಮಂದಿಯ ಕೈಗೆ ಬರಲಿಲ್ಲ. ಧ್ವನಿವರ್ಧಕಗಳು ಎಲ್ಲ ಸಭೆಗಳಿಗೂ ಬಂದುವು. ನಾಲ್ಕು ತಂತಿಯ ಸಣ್ಣ ನಾದವೂ ಈಗ ಬೀದಿಯ ಕೊನೆಗೆ ಕೇಳುವುದು. ಜೋಡಿ ತಂತಿಗಳ ಶ್ರಮವನ್ನು ಹೊತ್ತುಕೊಳ್ಳಲು ಕಾರಣವೇ ಉಳಿಯದೆ, ಇಂದಿನ ವಾದಕರಲ್ಲಿ ಹೆಚ್ಚಿನವರು ಹಳೆಯ ನಾಲ್ಕು ತಂತಿಗಳನ್ನೇ ನುಡಿಸುವರು. ಹಾಗಾದರೆ ಅವರ ಶ್ರಮವು ವ್ಯರ್ಥವಾಯಿತೇ ಎಂದು ಯಾರಾದರೂ ಕೇಳಬಹುದು. ವ್ಯರ್ಥವಾಗಲಿಲ್ಲವೆಂದೇ ನನ್ನ ನಂಬಿಕೆ. ಧ್ವನಿವರ್ಧಕವಿಲ್ಲದ ಆ ವರ್ಷಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದವರಿಗೆ ಯಂತ್ರವು ಬರುವವರೆಗೆ ಕಾಯುವಷ್ಟು ಆಯುಷ್ಯವಿರಲಿಲ್ಲ. ಅವರಿಗೆ ಬೇಕಾದುದು ಅವರ ಕಾಲದಲ್ಲಿಯೇ ದೊರೆಯಿತು.

ಅವರ ನೆನಪಿಗಾಗಿ ಬೆಂಗಳೂರಿನ ಮಲ್ಲೇಶ್ವರದ ಬಳಿ, ಶ್ರೀ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ, ಒಂದು ಭವ್ಯ ಸಭಾಗೃಹವು 1980ರಲ್ಲಿ ಸಿದ್ಧವಾಯಿತು. ಆ ಕಟ್ಟಡದ ರೂಪವೇ ಒಂದು ದೊಡ್ಡ ಪಿಟೀಲು. ಸಾವಿರ ಮಂದಿಯಷ್ಟು ಅದರಲ್ಲಿ ಕುಳಿತು ಕೇಳಬಹುದು. ಕರ್ನಾಟಕ ಸರ್ಕಾರದವರೂ ಚೌಡಯ್ಯನವರ ಹೆಸರಿನಲ್ಲಿ ಪ್ರಶಸ್ತಿಯೊಂದನ್ನು ಏರ್ಪಡಿಸಿ ಸಂಗೀತಗಾರರನ್ನು ಗೌರವಿಸುತ್ತ ಬಂದಿರುವರು.

ನಮ್ಮ ಕಡೆಯ ಬೆಂಚು

ಈ ಚರಿತ್ರೆಯನ್ನು ಬರೆಯಲು ಕುಳಿತ ದಿನಗಳಲ್ಲಿ ನನಗಾದ ಒಂದು ಅನುಭವವನ್ನು ಹೇಳದೆ ಮುಗಿಸಲಾರೆನು. ಮೊದಲು ಹೇಳಿದ ಆ ತಂದೆಯ ಮಗಳು ನಮ್ಮ ಒಂಬತ್ತನೆಯ ತರಗತಿಯವಳು. ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುವವಳು. ಆ ತರಗತಿಗೆ ಗಣಿತವನ್ನು ಹೇಳುತ್ತಿದ್ದವಳು ನಾನೇ. ಅವಳು ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡದಿದ್ದಾಗ ಗಮನವಿಲ್ಲದವಳೆಂದು ಎಷ್ಟೋ ಸಾರಿ ಗದರಿಸಿದ್ದೆನು. ತಂದೆಯ ಕೋರಿಕೆಯನ್ನು ತಿಳಿಸಲು ಸಂಗೀತದ ಅಧ್ಯಾಪಿನಿಯನ್ನು ಕರೆಸಿದಾಗ, ಆ ಹುಡುಗಿಯು ಪಿಟೀಲಿನ ಪಾಠದಲ್ಲಿ ಎಲ್ಲರಿಗಿಂತ ಮುಂದಿರುವಳೆಂದೂ, ಯಾವಾಗಲೂ ಎಡಗಿವಿಯನ್ನು ವಾದ್ಯದ ಹತ್ತಿರಕ್ಕೆ ತಂದು ಕುಳಿತುಕೊಳ್ಳುವಳೆಂದೂ ಆಕೆ ಹೇಳಿದರು. ಆ ಮಾತಿನಿಂದ ನನಗೆ ಸಂದೇಹವುಂಟಾಯಿತು. ವೈದ್ಯರಿಗೆ ತೋರಿಸಲಾಗಿ, ಅವಳ ಬಲಗಿವಿಗೆ ಬಹುಮಟ್ಟಿಗೆ ಕೇಳಿಸುವುದೇ ಇಲ್ಲವೆಂದು ಗೊತ್ತಾಯಿತು. ಒಂದು ವರ್ಷಕಾಲ ನಾನು ಕರಿಹಲಗೆಯ ಬಳಿ ನಿಂತು ಹೇಳಿದ ಲೆಕ್ಕಗಳು ಅರ್ಧಕ್ಕರ್ಧ ಅವಳನ್ನು ಮುಟ್ಟಿಯೇ ಇರಲಿಲ್ಲ. ಅವಳು ದೂರಲಿಲ್ಲ, ನಾನು ಕೇಳಲಿಲ್ಲ.

ಈಗ ಅವಳು ಮೊದಲನೆಯ ಬೆಂಚಿನಲ್ಲಿ ಕುಳಿತುಕೊಳ್ಳುವಳು. ತಂದೆಯವರು ಮತ್ತೊಮ್ಮೆ ಬಂದಾಗ ನಡೆದುದನ್ನೆಲ್ಲ ತಿಳಿಸಿ, ತಪ್ಪು ನನ್ನದೆಂದು ಒಪ್ಪಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಸಂಗೀತದ ತರಗತಿಯು ಹಾಗೆಯೇ ನಡೆಯಲಿ ಎಂದು ಹೇಳಿ ಎದ್ದರು. ಕಳೆದುಹೋದ ವರ್ಷದ ಪಾಠವನ್ನು ಅವಳು ಈ ವರ್ಷದಲ್ಲಿ ಕೂಡಿಸಿಕೊಳ್ಳಬಲ್ಲಳೋ ಇಲ್ಲವೋ ನಾನರಿಯೆ. ಸಂಜೆಯ ಹೊತ್ತು ಅವಳೊಂದಿಗೆ ಕುಳಿತು ಹಿಂದಿನ ಲೆಕ್ಕಗಳನ್ನು ಮೊದಲಿನಿಂದ ಮಾಡಿಸುತ್ತಿರುವೆನು.

ಒಕ್ಕಲು ಮನೆಯ ಮಕ್ಕಳು ಪಿಟೀಲು ಹಿಡಿದು ಆಗಬೇಕಾದುದೇನೆಂಬ ಪ್ರಶ್ನೆಗೆ ಚೌಡಯ್ಯನವರ ಜೀವನವೇ ಒಂದು ಉತ್ತರ. ಎಲ್ಲರೂ ಚೌಡಯ್ಯನವರಾಗುವುದಿಲ್ಲ, ಆಗಬೇಕಾದುದೂ ಇಲ್ಲ. ಆದರೆ ಸಂಗೀತವು ಕಿವಿಗೊಡುವುದನ್ನು ಕಲಿಸುವ ವಿದ್ಯೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಮನೆಗಳಿಂದ ಬಂದು ಇಲ್ಲಿ ಓದಿ ಹೋದ ನೀವು ಇಂದು ತಾಯಂದಿರಾಗಿರುವಿರಿ, ಉಪಾಧ್ಯಾಯಿನಿಯರಾಗಿರುವಿರಿ, ದಾದಿಯರಾಗಿರುವಿರಿ, ಕಚೇರಿಗಳಲ್ಲಿ ಅಧಿಕಾರದಲ್ಲಿರುವಿರಿ. ನಿಮ್ಮ ಮನೆಯಲ್ಲಿಯೂ ಕೆಲಸದಲ್ಲಿಯೂ ಮಾತನಾಡದೆ ಹಿಂದೆ ಕುಳಿತ ಒಬ್ಬರು ಇದ್ದೇ ಇರುವರು. ನಿಮ್ಮ ದನಿಯು ಅವರಿಗೆ ಮುಟ್ಟುತ್ತಿರುವುದೇ ಎಂದು ಒಂದು ಸಾರಿ ಹೋಗಿ ವಿಚಾರಿಸಿರಿ. ಮುಟ್ಟದಿದ್ದರೆ ಅವರನ್ನು ಗದರಿಸದೆ, ನಿಮ್ಮ ವಾದ್ಯಕ್ಕೆ ಇನ್ನೊಂದು ತಂತಿಯನ್ನು ಕಟ್ಟಿರಿ. ಹಾಗೆ ಮಾಡುವ ಮನಸ್ಸನ್ನೂ ಶಕ್ತಿಯನ್ನೂ ದೇವರು ನಿಮಗೂ ನನಗೂ ಅನುಗ್ರಹಿಸಲಿ.